ಬಿರುಗಾಳಿಯ ಹಿಂದೆ ಉದುರಿದ ಕಾಳು

ಅಜ್ಜಿ ಬಿರುಗಾಳಿಯನ್ನು ಮೊದಲು ನೋಡಿದ್ದು ಗೋಧಿ ಹೊಲದಲ್ಲಿ, ಕಟಾವು ಯಂತ್ರದ ಮೇಲೆ. ಯಂತ್ರದ ಹಿಂದೆ ಉದುರಿದ ಕಾಳನ್ನು ಅವಳು ಕೋಳಿಗಳಿಗೆಂದು ಆಯುತ್ತಿದ್ದಳು. ಯಂತ್ರ ಹೊಲದ ತುದಿಯಲ್ಲಿ ಗರಕ್ಕನೆ ತಿರುಗಿ ಅವಳೆದುರಿಗೇ ಬಂದು ನಿಂತಿತು. ಮೇಲಿನಿಂದ ಒಂದು ಮೀಸೆ ಬಗ್ಗಿ ನೋಡಿತು.

"ಅಜ್ಜಿ, ನಾನು ಕೊಯ್ದ ಮೇಲೆ ಏನೂ ಸಿಗಲ್ಲ. ಸುಮ್ನೆ ಸೊಂಟ ನೋಯಿಸ್ಕೋಬೇಡಿ."

ಅಜ್ಜಿ ತುಂಬಿದ ಚೀಲವನ್ನು ಬೆನ್ನ ಹಿಂದೆ ಸರಿಸಿ, "ಹೌದಪ್ಪಾ, ಏನೂ ಇಲ್ಲ" ಎಂದಳು.

ಅವನು ಯಂತ್ರ ಓಡಿಸುವ ವೇಗ ನೋಡಿ ಜನ ಇಟ್ಟ ಹೆಸರು ಬಿರುಗಾಳಿ. ಅದಕ್ಕಿಂತ ದೊಡ್ಡ ಹೆಮ್ಮೆ ಅವನಿಗೆ ಇನ್ನೊಂದಿತ್ತು. ಅವನ ಯಂತ್ರದ ತೊಟ್ಟಿಗೆ ಬೀಳುವ ಗೋಧಿಯಲ್ಲಿ ಹೊಟ್ಟಿನ ಚೂರೂ ಇರುತ್ತಿರಲಿಲ್ಲ. ಹಿಡಿ ತುಂಬ ಎತ್ತಿ, "ನೋಡಿ, ಮುತ್ತಿನ ಹಾಗೆ ಪೋಣಿಸ್ಬೋದು" ಎಂದು ಕಂಡಕಂಡವರ ಮೂಗಿಗೆ ಹಿಡಿಯುತ್ತಿದ್ದ.

ಹೊಲ, ಯಂತ್ರ ಎರಡೂ ಒಬ್ಬರೇ ಯಜಮಾನರವು. ಅವರು ಮೊಟ್ಟೆ ಕೇಳಲು ಅಜ್ಜಿಯ ಮನೆಗೆ ಬಂದವರು ಕೋಳಿಗಳನ್ನೇ ನೋಡುತ್ತ ನಿಂತುಬಿಟ್ಟರು. ಗೋಡೆ ಹಾರುವುದಿರಲಿ, ಕೊಬ್ಬಿದ ಅವು ತುಂಬು ಬಸುರಿಯರ ಹಾಗೆ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದವು.

"ಏನು ತಿನ್ನಿಸ್ತೀರಿ ಇವಕ್ಕೆ?"

ಎರಡನೆಯ ಸುಳ್ಳು ಅಜ್ಜಿಯ ಬಾಯಿಗೆ ಬರಲಿಲ್ಲ. ಚೀಲ ತೋರಿಸಿದಳು.

ಮರುದಿನ ಹೊಲದಲ್ಲೇ ಯಜಮಾನರ ತೀರ್ಪಾಯಿತು. "ಕಾಳು ಹೀಗೇ ಚೆಲ್ಲೋದಾದ್ರೆ ನಿನ್ನ ಸೀಟಿನಲ್ಲಿ ನಿನ್ನ ಭಾವಮೈದ ಕೂರ್ತಾನೆ. ಎಷ್ಟು ಚೆಲ್ತಿದೆ ಅಂತ ಅಜ್ಜಿ ಎಣಿಸ್ಲಿ."

ಭಾವಮೈದ, ಅಂದರೆ ಬಿರುಗಾಳಿಯ ಹೆಂಡತಿಯ ತಮ್ಮ, ಅಲ್ಲೇ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ. ಮುಖದಲ್ಲಿ ದುಃಖ ತರಲು ಬಹಳ ಪ್ರಯತ್ನಪಟ್ಟ.

"ಚೆಲ್ಲಿದ್ರೆ ಇವರ ಕೋಳಿಗೆ ಲಾಭ. ಇವರೇ ನ್ಯಾಯ ಹೇಳೋದಾ ಯಜಮಾನ್ರೇ?" ಎಂದ ಬಿರುಗಾಳಿ.

"ಕೋಳಿಗಳ ಮೈಯೂ ಸ್ವಲ್ಪ ಇಳೀಬೇಕಪ್ಪಾ. ಮೊಟ್ಟೆ ಇಡೋದೇ ಮರೆತಿವೆ," ಎಂದು ಅಜ್ಜಿ ನೆಲಕ್ಕೆ ಮಂಡಿಯೂರಿದಳು.

ನಾಲ್ಕು ಕೋಲು ಕಟ್ಟಿದ ಚೌಕಟ್ಟನ್ನು ಯಂತ್ರ ಹೋದ ದಾರಿಯಲ್ಲಿಟ್ಟು, ಹುಲ್ಲು ಸರಿಸಿ, ಒಳಗಿನ ಕಾಳುಗಳನ್ನು ಹೆಕ್ಕಿ ಎಣಿಸಬೇಕು. ಬಿರುಗಾಳಿ ಅವಳ ನೆತ್ತಿಯ ಮೇಲೇ ನಿಂತ.

"ಅದು ಕಲ್ಲು ಅಜ್ಜಿ."

ಅಜ್ಜಿ ಕಚ್ಚಿ ನೋಡಿದಳು. "ಗೋಧಿ."

"ಹಂಗಾದ್ರೆ ಹೋದ ವರ್ಷದ್ದು."

"ಹೋದ ವರ್ಷ ಇಲ್ಲಿ ಜೋಳ ಇತ್ತಪ್ಪಾ."

ಅಜ್ಜಿಯ ಹಿಡಿ ತುಂಬಿತು. ಭಾವಮೈದ ಯಂತ್ರ ಹತ್ತಿ ಸೀಟಿನ ಧೂಳು ಒರೆಸತೊಡಗಿದ.

ಆಗ ಅಜ್ಜಿ ಎದ್ದು, ಇನ್ನೂ ಕೊಯ್ಯದ ಪೈರಿನೊಳಗೆ ನುಗ್ಗಿ, ಅಲ್ಲೂ ಚೌಕಟ್ಟು ಇಟ್ಟಳು. ಅಲ್ಲಿಯೂ ಕಾಳು ಬಿದ್ದಿತ್ತು. ತೆನೆ ಬಲಿತು ತಾನಾಗಿಯೇ ಉದುರಿದ್ದು. "ಇದು ಇವನ ಲೆಕ್ಕಕ್ಕೆ ಬರಲ್ಲ. ಕಳೀಬೇಕು" ಎಂದಳು.

ಬಿರುಗಾಳಿಗೆ ಹೋದ ಜೀವ ಬಂತು. "ನೋಡಿದ್ರಾ ಯಜಮಾನ್ರೇ, ತಪ್ಪೆಲ್ಲಾ ಬೆಳೇದೇ."

"ಎಲ್ಲಾ ಅಲ್ಲ. ಮೂರರಲ್ಲಿ ಒಂದು ಪಾಲು. ಮಿಕ್ಕಿದ್ದು ನಿಂದೇ."

ಯಜಮಾನರು ಸಂಜೆಯವರೆಗೆ ಗಡುವು ಕೊಟ್ಟರು. ಬಿರುಗಾಳಿ ಅಜ್ಜಿಯ ಅಂಗೈಯಲ್ಲಿದ್ದ ಕಾಳುಗಳನ್ನು ಬೆರಳಿನಿಂದ ಕೆದಕಿದ. ಒಂದೂ ಜೊಳ್ಳಲ್ಲ, ಎಲ್ಲ ಗಟ್ಟಿ ಕಾಳು. ಹೊಟ್ಟು ಹಾರಿಸುವ ಫ್ಯಾನನ್ನು ತಾನೇ ಅತಿ ಜೋರಿಗೆ ಇಟ್ಟಿದ್ದು ನೆನಪಾಯಿತು. ಹೊಟ್ಟಿನ ಜೊತೆ ಕಾಳೂ ಹಾರಿಹೋಗುತ್ತಿತ್ತು. ಮುತ್ತು ಪೋಣಿಸಲು ಹೋಗಿ ಸರದ ಒಂದು ತುಂಡನ್ನೇ ಹಿಂದೆ ಚೆಲ್ಲಿ ಬಂದಿದ್ದ. ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು ಫ್ಯಾನಿನ ಗಾಳಿ ಇಳಿಸಿದ. ವೇಗವನ್ನೂ ಇಳಿಸಿದ.

"ಭಾವ, ಒಂದು ಬಸವನಹುಳು ನಿಮ್ಮನ್ನ ದಾಟ್ಕೊಂಡು ಹೋಯ್ತು," ಭಾವಮೈದ ಕೂಗಿದ.

"ಹೋಗ್ಲಿ ಬಿಡು. ಅದರ ಹಿಂದೆ ಎಣಿಸೋಕೆ ಯಾರೂ ಕೂತಿಲ್ಲ."

ಸಂಜೆ ಚೌಕಟ್ಟಿನೊಳಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಕಾಳು. ಸೀಟು ಉಳಿಯಿತು. ಆದರೆ ತೊಟ್ಟಿಯಲ್ಲಿ ಅಲ್ಲಲ್ಲಿ ಹೊಟ್ಟು ಕಂಡಿತು. ಎಲ್ಲರೂ ಹೋದ ಮೇಲೆ ಬಿರುಗಾಳಿ ತೊಟ್ಟಿಗೆ ಕೈ ಹಾಕಿ ಅದನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಅಜ್ಜಿ ನೋಡಿಯೂ ನೋಡದ ಹಾಗೆ ಹೊರಟಳು.

ಮುಂದೆ ಕೆಲವು ಸುಗ್ಗಿ ಅವನು ಓಡಿಸಿದ, ಅವಳು ಎಣಿಸಿದಳು. ಆಮೇಲೆ ಅವನ ಬೆನ್ನು ಕೈಕೊಟ್ಟಿತು. ಯಂತ್ರ ಹತ್ತಲೇಬಾರದೆಂದು ಡಾಕ್ಟರು ಹೇಳಿದರು. ಭಾವಮೈದ ಸೀಟಿಗೇರಿದ ದಿನ ಬಿರುಗಾಳಿ ಮನೆಯಲ್ಲಿ ಕೂರಲಿಲ್ಲ. ಕೋಲೂರಿಕೊಂಡು ಯಂತ್ರದ ಹಿಂದೆ ಅಜ್ಜಿಯ ಜೊತೆ ನಡೆದ. ಆ ವಾರವೇ ಮಗಳ ಊರಿಗೆ ಚಿಕಿತ್ಸೆಗೆ ಹೋದವನು ಅಲ್ಲೇ ಉಳಿದುಬಿಟ್ಟ. ಹಾಗಾಗಿ ಅವನು ಅಜ್ಜಿಯನ್ನು ಕೊನೆಯದಾಗಿ ಏನಾದರೂ ಕೇಳಿದ್ದು ಯಂತ್ರದ ಹಿಂದೆ ನಡೆದ ಆ ದಿನವೇ. ಅವಳು ಎಣಿಸಿ ಮುಗಿಸುವ ಮೊದಲೇ, ಬೆನ್ನುನೋವನ್ನೂ ಮರೆತು, ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ:

"ಅಜ್ಜಿ, ನಿಜ ಹೇಳಿ. ಅವನು ಚೆಲ್ಲಿದ್ದು ನನ್ನದಕ್ಕಿಂತ ಜಾಸ್ತಿ ತಾನೇ?"