ಆಗದ ಅಪಘಾತಗಳ ಅತ್ತಿಗೆ

“ಅಮ್ಮಾ, ಅತ್ತೆ ಕಿಟಕೀಲಿ ಏನ್ ನೋಡ್ತಿದ್ದಾರೆ? ಕರೆದ್ರೂ ಕೇಳಿಸ್ತಿಲ್ಲ.”

ಮಗಳು ಕೇಳಿದ್ದು ನನ್ನ ಗಂಡನ ಅಕ್ಕನ ಬಗ್ಗೆ. ಸಂಜೆ ಬೆಳಕಿನಲ್ಲಿ ಕೆಳಗೆ ಕಾರುಗಳು ತೇಲುತ್ತಿದ್ದವು. ಅತ್ತಿಗೆಯ ಕೈಯಲ್ಲಿದ್ದ ಚಹಾ ಕೆನೆಗಟ್ಟಿತ್ತು. ಅವರು ಕೆಲಸದಲ್ಲಿದ್ದರು.

ಕಾರು ತಯಾರಾಗುವ ಮೊದಲೇ ಅದರಲ್ಲಿ ಏನು ಕೆಡಬಹುದು, ಕೆಟ್ಟರೆ ಯಾರಿಗೆ ಎಷ್ಟು ಪೆಟ್ಟು, ಓಡಿಸುವವರು ಸಂಭಾಳಿಸಬಲ್ಲರೇ ಎಂದು ತೂಗಿ ನೋಡುವುದು ಅವರ ಉದ್ಯೋಗ. ಎಲ್ಲಿಯೂ ಆಗದ ಅಪಘಾತಗಳು ಅವರ ಕಣ್ಣ ಮುಂದೆ ನೀರಿನೊಳಗೆ ನಡೆದಂತೆ ಮೆಲ್ಲಗೆ, ಸದ್ದಿಲ್ಲದೆ ನಡೆಯುತ್ತವಂತೆ. ಸದ್ದೂ ಕೇಳಿಸಿದರೆ ಈ ಕೆಲಸ ಮಾಡಲಾಗದು ಎನ್ನುತ್ತಾರೆ. ಆಫೀಸಿನಲ್ಲಿ ಅವರಿಗೆ ‘ಅಪಶಕುನ ಮೇಡಂ’ ಎಂದೇ ಹೆಸರು.

“ಕೆಟ್ಟದ್ದು ನುಡಿದು ಸಂಬಳ ತಗೊಳ್ಳೋಳು ನಮ್ಮಕ್ಕ ಒಬ್ಳೇ,” ಎಂದು ನನ್ನವರು ರೇಗಿಸುತ್ತಾರೆ.

ಪಕ್ಕದಲ್ಲಿ ಕುಳಿತೆ. “ಇವತ್ತು ಏನು ಕಾಣ್ತಿದೆ ಅತ್ತಿಗೆ?”

ಹೇಳಿದರು. ಹೊಸ ಕಾರೊಂದು ರಸ್ತೆಯ ಬಿಳಿ ಗೆರೆ ದಾಟಿದರೆ ತಾನೇ ಸ್ಟೀರಿಂಗ್ ತಿರುಗಿಸಿ ಸರಿಹೋಗುತ್ತದೆ. ಅದರ ಕ್ಯಾಮೆರಾ ಕಂಬದ ನೆರಳನ್ನು ಗೆರೆ ಎಂದುಕೊಂಡರೆ, ನೆಟ್ಟಗೆ ಹೋಗುತ್ತಿರುವಾಗಲೇ ಎದುರು ಬದಿಗೆ ಎಳೆಯುತ್ತದೆ. ‘ಯಾರು ಬೇಕಾದರೂ ಸ್ಟೀರಿಂಗ್ ಹಿಡಿದು ನಿಲ್ಲಿಸಬಲ್ಲರು’ ಎಂದು ಆಫೀಸಿನ ಉಳಿದವರೆಲ್ಲ ಒಪ್ಪಿಯಾಗಿದೆ. ಅತ್ತಿಗೆಯೂ ಸಹಿ ಹಾಕಿದರೆ, ಆ ಎಳೆತವನ್ನು ತಡೆಯುವ ಇನ್ನೊಂದು ಕಾವಲಿಲ್ಲದೆ ಕಾರು ರಸ್ತೆಗಿಳಿಯುತ್ತದೆ.

“ಹಿಡಿದು ನೋಡಿದೋರು ಯಾರು?”

“ನಮ್ಮ ಟೆಸ್ಟ್ ಡ್ರೈವರ್‌ಗಳು. ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಂಡು, ನೆಂಟರಿಗೆ ಕಾಯೋ ಹಾಗೆ ಕಾಯ್ತಾ ಕೂತೋರು. ಹಿಂದಿನ ಸೀಟಲ್ಲಿ ಬಿದ್ದ ಗೊಂಬೆ ಎತ್ತಿಕೊಡೋಕೆ ಒಂದು ಕೈ ಹಿಂದೆ ಚಾಚಿದೋರು ಒಬ್ರೂ ಇಲ್ಲ.”

ದಿನವೂ ಹಾಗೆ ಕೈ ಚಾಚುವವಳು ನಾನು. ಕೆಳಗಿನ ಕಾರೊಂದು ಸುಮ್ಮನೆ ವಾಲಿ, ಎದುರಿನ ದೀಪಗಳೊಳಗೆ ಕರಗಿ ಹೋದಂತೆ ನನಗೂ ಒಂದು ಗಳಿಗೆ ಕಂಡಿತು.

“ನಾನೇ ಬಂದು ಓಡಿಸ್ತೀನಿ,” ಎಂದೆ.

“ನೀನು ಕೆಲಸಕ್ಕೆ ಬರಲ್ಲ ಕಣೆ. ಮುಂಚೇನೇ ಎಲ್ಲಾ ಹೇಳ್ಬಿಟ್ನಲ್ಲ.” ನಕ್ಕರು. ಆಮೇಲೆ ನಗು ಬಿಟ್ಟು, ನನ್ನ ಕೈ ಮೇಲೆ ಕೈ ಇಟ್ಟರು. “ರಸ್ತೇಲಿ ಅಲ್ಲ, ಆಫೀಸಲ್ಲಿ ಕಂಪ್ಯೂಟರ್ ಪರದೆ ಮುಂದೆ ಕೂತು ಓಡಿಸೋ ಕಾರು, ಯಾರಿಗೂ ಏನೂ ಆಗಲ್ಲ. ಶಾಲೆ ಗೇಟಲ್ಲಿ ನಿನ್ನ ಜೊತೆ ನಿಲ್ಲೋ ಅಮ್ಮಂದಿರನ್ನ ಕರ್ಕೊಂಡು ಬರ್ತೀಯಾ? ಏನಾಗುತ್ತೆ ಅಂತ ಮಾತ್ರ ಬಾಯಿ ಬಿಡ್ಬೇಡ. ಮಕ್ಕಳ ಹಿಂದೆ ಓಡಿ ಸುಸ್ತಾದೋರೇ ಬೇಕು, ಚೆನ್ನಾಗಿ ನಿದ್ದೆ ಮಾಡಿ ಬರೋರು ಬೇಡಮ್ಮ.”