ಹೆದರಿಕೆಯ ಸಕ್ಕರೆ

ಸ್ಪ್ಯಾನಿಷ್ ಮಾತಿನವರ ಪರಂಪರೆಯ ತಿಂಗಳು ಬಂದರೆ ಆ ಕಾಲೇಜಿಗೆ ಎಲ್ಲಿಲ್ಲದ ಹುರುಪು. ವರ್ಷವಿಡೀ ಬೋಳಾಗಿ ಬಿದ್ದಿರುವ ನಡುವಂಗಳದಲ್ಲಿ ಬಣ್ಣದ ಕಾಗದದ ತೋರಣ ಏಳುತ್ತದೆ. ತುತ್ತೂರಿಯವರು ಬರುತ್ತಾರೆ, ಹುಡುಗಿಯರು ಅಗಲ ಲಂಗ ಬೀಸಿ ಕುಣಿಯುತ್ತಾರೆ, ಪ್ರಾಂಶುಪಾಲರು ಮುರುಕು ಸ್ಪ್ಯಾನಿಷ್‌ನಲ್ಲಿ ಎರಡು ಮಾತಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆ ವರ್ಷ ಯಾವ ಪುಣ್ಯಾತ್ಮರಿಗೆ ಹೊಳೆಯಿತೋ ಏನೋ, ಹಬ್ಬದ ಜೊತೆಗೆ ಆರೋಗ್ಯ ಮೇಳವನ್ನೂ ಸೇರಿಸಿಬಿಟ್ಟರು. ಸೇರಿಸಲಿ, ಬೇಡ ಅಂದವರು ಯಾರು? ಆದರೆ ಸಿಹಿತಿಂಡಿಯ ಮೇಜಿಗೆ ಒತ್ತಿಕೊಂಡೇ ಸಕ್ಕರೆ ಕಾಯಿಲೆ ಪರೀಕ್ಷೆಯ ಮೇಜನ್ನು ಇಟ್ಟಿದ್ದರು. ತಿಂದು ನೇರ ಅಲ್ಲಿಗೇ ಹೋಗಲಿ ಎಂದಿರಬೇಕು.

ಸಿಹಿತಿಂಡಿಯ ಮೇಜಿನ ಹಿಂದೆ ನಿಂತಿದ್ದವಳು ಒಬ್ದೂಲಿಯಾ ಬಾರ್ರಾಗಾನ್. ಐವತ್ತು ದಾಟಿದ ಹೆಂಗಸು. ಮೆಕ್ಸಿಕೋದ ಮಿಚೋಆಕಾನಿನ ಹಳ್ಳಿಯೊಂದರಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಈ ಕಣಿವೆಯ ದ್ರಾಕ್ಷಿ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದು, ಮೂರು ಮಕ್ಕಳನ್ನು ದಡ ಸೇರಿಸಿ, ಇನ್ನು ಕಾಲು ಚಾಚಿ ಕೂರಬಹುದು ಎನ್ನುವ ವಯಸ್ಸಿನಲ್ಲಿ ಕಾಲೇಜು ಸೇರಿದವಳು. ಶಿಶುವಿಹಾರ ನಡೆಸುವ ಕೋರ್ಸು.

"ಮೊಮ್ಮಕ್ಕಳನ್ನ ಆಡ್ಸೋಕೂ ಸರ್ಟಿಫಿಕೇಟ್ ಬೇಕೇನೇ?" ಎಂದು ಗಂಡ ಫಿದೆನ್ಸಿಯೋ ಮೊದಮೊದಲು ಅಣಕಿಸಿದ್ದ.

"ನಿನ್ನನ್ನ ಇಷ್ಟು ವರ್ಷ ಆಡ್ಸಿದ್ದೀನಲ್ಲ, ಅದನ್ನ ನೋಡಿನೇ ಸೀಟು ಕೊಟ್ಟಿದ್ದು" ಎಂದಿದ್ದಳು ಒಬ್ದೂಲಿಯಾ.

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಆದರೆ ರಕ್ತ ಪರೀಕ್ಷೆ ಅಂದರೆ ಸಾಕು, ಆ ಬಾಯಿಗೂ ಬೀಗ ಬೀಳುತ್ತಿತ್ತು. ದವಾಖಾನೆಯವರು ಚೀಟಿ ಬರೆದುಕೊಟ್ಟರೆ ಚೀಲಕ್ಕೆ ಹಾಕಿಕೊಂಡು ಬರುವಳು, ಆಮೇಲೆ ಆ ಚೀಟಿಯ ಸುದ್ದಿಯೇ ಇಲ್ಲ. ಮಕ್ಕಳು ಕೇಳಿದರೆ ಸೂಜಿ ಕಂಡರೆ ತಲೆ ಸುತ್ತುತ್ತದೆ ಎಂದು ಹಸಿ ಸುಳ್ಳು ಹೇಳುವಳು. ಅವಳಿಗೆ ಸೂಜಿಯ ಭಯವಿರಲಿಲ್ಲ. ಸಕ್ಕರೆ ಕಾಯಿಲೆ ತನಗೆ ಬಂದೇ ಬರುತ್ತದೆ, ಬರಬೇಕಾದದ್ದೇ, ಅದು ತನಗಾಗಿಯೇ ಕಾದು ಕೂತಿದೆ ಎಂದು ಅವಳು ನಂಬಿದ್ದಳು.

ಕಾರಣ ಹಳೆಯದು. ಹದಿನೇಳನೆಯ ವಯಸ್ಸಿನಲ್ಲಿ ಒಬ್ದೂಲಿಯಾ ಬೆಳಿಗ್ಗೆ ಬೇಯಿಸಿದ ಮೆಕ್ಕೆಜೋಳದ ಬಕೆಟ್ಟು ಹಿಡಿದು ಹಿಟ್ಟಿನ ಗಿರಣಿಗೆ ಹೋದವಳು ಮನೆಗೆ ವಾಪಸು ಬರಲಿಲ್ಲ. ಫಿದೆನ್ಸಿಯೋ ಅವಳನ್ನು 'ಕದ್ದುಕೊಂಡು' ಹೋಗಿದ್ದ. ಆ ಕಡೆ ಅದೇನೂ ಹೊಸದಲ್ಲ. ಮದುವೆಯ ಖರ್ಚಿಗೆ ಗತಿಯಿಲ್ಲದವರು, ಅಪ್ಪಂದಿರು ಒಪ್ಪದವರು ಹಾಗೆ ಓಡಿಹೋಗಿ ಹುಡುಗನ ಸೋದರತ್ತೆಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇದ್ದು, ಆಮೇಲೆ ಹಿರಿಯರನ್ನು ಕರೆದುಕೊಂಡು ಬಂದು ಮಂಡಿಯೂರಿ ಕ್ಷಮೆ ಕೇಳುವುದು ರೂಢಿ. ಇವರೂ ಹಾಗೇ ಕೇಳಿದರು. ಅಮ್ಮ ಇಬ್ಬರ ತಲೆಯ ಮೇಲೂ ಕೈಯಿಟ್ಟಳು. ಆದರೆ ಮೊದಲ ದಿನ ಸುದ್ದಿ ಮುಟ್ಟಿಸಿದ ನೆರೆಯವಳಿಗೆ ಅಷ್ಟು ತಿಳಿವಳಿಕೆ ಇರಲಿಲ್ಲ. ವಾರಸುದಾರರಿಲ್ಲದ ಬಕೆಟ್ಟು ತಂದು ಬಾಗಿಲಲ್ಲಿ ಕುಕ್ಕಿ, "ನಿಮ್ಮ ಹುಡುಗಿ ಎಲ್ಲೂ ಕಾಣ್ತಿಲ್ಲ ಕಣ್ರೀ" ಎಂದುಬಿಟ್ಟಿದ್ದಳು. ಮಗಳು ಹೊಳೆ ಪಾಲಾದಳೆಂದುಕೊಂಡು ಅಮ್ಮ ಅಲ್ಲೇ ಕುಸಿದಿದ್ದಳು.

ಕೆಲವೇ ತಿಂಗಳಲ್ಲಿ ಅಮ್ಮನ ಕಾಲಿನ ಹುಣ್ಣು ವಾಸಿಯಾಗದೆ ದೊಡ್ಡದಾಯಿತು. ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಹೆದರಿಕೆಯಿಂದ ಬಂದದ್ದು ಎಂದರು ಊರಿನವರು. ಭಾರೀ ಹೆದರಿಕೆಯಾದರೆ ರಕ್ತಕ್ಕೆ ಸಕ್ಕರೆ ಇಳಿಯುತ್ತದೆ ಎನ್ನುವುದು ಅಲ್ಲಿ ಹಸುಗೂಸಿಗೂ ಗೊತ್ತು. ಹೆದರಿಸಿದವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅಮ್ಮನ ಕಾಲು ಹೋಯಿತು, ಆಮೇಲೆ ಅಮ್ಮನೂ ಹೋದಳು. ಅಷ್ಟರಲ್ಲಿ ಗಡಿ ದಾಟಿ ಬಂದಿದ್ದ ಒಬ್ದೂಲಿಯಾಳಿಗೆ ಮಣ್ಣಿಗೂ ಹೋಗಲಾಗಲಿಲ್ಲ. ಅಕ್ಕ ಎದುವಿಹೆಸ್ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಅಮ್ಮನ್ನ ತಿಂದ್ಕೊಂಡೆ ನೀನು." ಅಕ್ಕತಂಗಿಯರು ಈಗಲೂ ಭಾನುವಾರಕ್ಕೊಮ್ಮೆ ಮಾತಾಡುತ್ತಾರೆ, ಮಳೆ, ಮಕ್ಕಳು, ಕೋಳಿಗಳ ಬಗ್ಗೆ. ಆ ಮಾತನ್ನು ಅಕ್ಕ ವಾಪಸು ತಗೊಂಡಿಲ್ಲ, ತಂಗಿ ಮರೆತಿಲ್ಲ.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಒಬ್ದೂಲಿಯಾ ಆ ಶುಕ್ರವಾರ ನಡುವಂಗಳದಲ್ಲಿ ರಾಜಗಿರಿ ಉಂಡೆ ಕಟ್ಟುತ್ತಿದ್ದಳು. ಅರಳಿಸಿದ ಕಾಳಿಗೆ ಬಿಸಿ ಬೆಲ್ಲದ ಪಾಕ ಸುರಿದು, ಆರುವ ಮೊದಲೇ ಅಂಗೈಯಲ್ಲಿ ಒತ್ತಬೇಕು. ಕಟ್ಟಿದ್ದು ಕಟ್ಟಿದ ಹಾಗೆ ಖಾಲಿಯಾಗುತ್ತಿತ್ತು. ಪಕ್ಕದ ಪರೀಕ್ಷೆಯ ಮೇಜಿನಲ್ಲಿ ನೊಣ ಹೊಡೆಯುತ್ತ ಕೂತಿದ್ದವಳು ಲಿಸ್ಬೆತ್, ನರ್ಸಿಂಗ್ ಓದುವ ಹುಡುಗಿ. ಜನ ಉಂಡೆ ಬಾಯಿಗೆ ಹಾಕಿಕೊಂಡು, ಅವಳ ಕಡೆ ತಪ್ಪಿಯೂ ನೋಡದೆ, ದೊಡ್ಡ ಸುತ್ತು ಹಾಕಿ ದಾಟಿಹೋಗುತ್ತಿದ್ದರು.

"ಪಾಪ ಕಣೇ ಆ ಹುಡುಗಿ, ಒಂದು ಬೆರಳಾದ್ರೂ ಸಿಗ್ಲಿಲ್ಲ ಅದಕ್ಕೆ" ಎಂದಳು ನಿಯೆವೆಸ್. ನಿಯೆವೆಸ್ ಒಬ್ದೂಲಿಯಾಳ ಹಿರಿಮಗಳಿಗೆ ಧರ್ಮತಾಯಿಯಾಗಿ ನಿಂತವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದೇ ಕರೆಯುವುದು, ಜಗಳವಾಡುವಾಗಲೂ. "ಕೊಮಾದ್ರೆ, ನೀನೇ ಬೋಣಿ ಮಾಡೇ."

"ನೀನೇ ಮಾಡು."

"ನಂದು ಹೋದ ತಿಂಗಳು ತಾನೇ ಆಯ್ತಲ್ಲ. ಮೂರು ಹೆತ್ತೋಳು, ಒಂದು ಸೂಜಿಗೆ ಹೆದರ್ತೀಯಾ? ಥೂ ನಿನ್ನ! ಇಷ್ಟೊಂದು ಜನ ನೋಡ್ತಿದ್ದಾರೆ."

ಜನ ನಿಜವಾಗಿಯೂ ನೋಡುತ್ತಿದ್ದರು, ನಗುತ್ತಿದ್ದರು. ಲಿಸ್ಬೆತ್ ಆಸೆಯಿಂದ ಕುರ್ಚಿ ಎಳೆದಳು. ಒಬ್ದೂಲಿಯಾಳಿಗೆ ನಗೆಪಾಟಲಾಗುವುದಕ್ಕಿಂತ ಕಾಯಿಲೆಯೇ ವಾಸಿ ಎನ್ನಿಸಿತೋ ಏನೋ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೋಗಿ ಕೂತಳು. ಹುಡುಗಿ ಸ್ಪಿರಿಟ್ಟಿನ ಹತ್ತಿಯಿಂದ ಬೆರಳು ಸವರಿದಳು, ಚುಚ್ಚಿದಳು, ಒಂದು ತೊಟ್ಟು ಹಿಂಡಿದಳು. ಯಂತ್ರ ಕೀಂ ಎಂದಿತು.

ಲಿಸ್ಬೆತ್‌ಗೆ ಇನ್ನೂ ಮುಖಭಾವ ಮುಚ್ಚಿಡುವ ವಿದ್ಯೆ ಬಂದಿರಲಿಲ್ಲ. ಅವಳ ಮುಖ ಬಿಳಿಚಿಕೊಂಡದ್ದು ನೋಡಿ ಒಬ್ದೂಲಿಯಾ ಮುಂದಕ್ಕೆ ಬಾಗಿದಳು.

"ಎಷ್ಟಮ್ಮಾ?"

"ದೋನ್ಯಾ ಒಬ್ದೂಲಿಯಾ... ಮುನ್ನೂರ ಎಂಬತ್ತು ತೋರಿಸ್ತಿದೆ. ಮೇಡಂನ ಕರೀತೀನಿ, ನೀವು ಎದ್ದೇಳ್ಬೇಡಿ" ಎಂದವಳೇ ಹುಡುಗಿ ಓಡಿದಳು.

ಒಬ್ದೂಲಿಯಾ ಏಳಲಿಲ್ಲ. ಬಂತು ಅಂದುಕೊಂಡಳು. ಅಮ್ಮನಿಗೆ ತಾನು ಕೊಟ್ಟದ್ದು ತನಗೇ ಬಂತು. ವಿಚಿತ್ರವೆಂದರೆ ಅವಳಿಗೆ ಅಳು ಬರಲಿಲ್ಲ. ತನ್ನ ಕಾಲನ್ನೇ ನೋಡಿಕೊಂಡು ಕೂತಳು. ಯಾವ ಕಾಲು ಮೊದಲು ಹೋಗುತ್ತದೋ ಎಂದು ಯೋಚಿಸಿದಳು.

ನಿಯೆವೆಸ್ ಮಾತ್ರ ಗಾಬರಿಯಲ್ಲೂ ತನ್ನ ಕರ್ತವ್ಯ ಮರೆಯಲಿಲ್ಲ. ಹೆದರಿದವರಿಗೆ ತಕ್ಷಣ ಒಂದು ಒಣ ಬ್ರೆಡ್ಡು ತಿನ್ನಿಸಬೇಕು, ಇಲ್ಲದಿದ್ದರೆ ಹೆದರಿಕೆ ಮೈಯಲ್ಲೇ ಕೂತುಬಿಡುತ್ತದೆ. ಭೂಕಂಪವಾದರೂ ಬ್ರೆಡ್ಡು, ಬಸ್ಸು ಉರುಳಿದರೂ ಬ್ರೆಡ್ಡು. ಅವಳು ಪಕ್ಕದ ಅಂಗಡಿಯಿಂದ ಒಂದು ಬೊಲಿಯೋ ಕಸಿದು ತಂದು, ತುಂಡು ಮುರಿದು ಕೊಮಾದ್ರೆಯ ಬಾಯಿಗೆ ತುರುಕಿದಳು. ಮೇಡಂನ ಕರೆದುಕೊಂಡು ಬರುತ್ತಿದ್ದ ಲಿಸ್ಬೆತ್ ದೂರದಿಂದಲೇ ಕಿರುಚಿದಳು.

"ಅಯ್ಯೋ, ಬ್ರೆಡ್ಡು ಕೊಡ್ಬೇಡಿ! ಶುಗರ್ ಏರತ್ತೆ!"

"ಹೆದರ್ಕೊಂಡೋಳಿಗೆ ಬೊಲಿಯೋ ಕೊಡದೆ ಇನ್ನೇನ್ ಕೊಡ್ಲಿ, ಲೆಟ್ಯೂಸ್ ಸೊಪ್ಪಾ?"

"ಶುಗರ್ ಇರೋರಿಗೆ ಬ್ರೆಡ್ಡು ವಿಷ!"

"ಹೆದರಿಸಿದ್ದು ಯಾರು? ನೀನು! ನೀನು ಹೆದರಿಸ್ದೆ ಇದ್ದಿದ್ರೆ ನಾನ್ಯಾಕೆ ಬ್ರೆಡ್ಡು ಕೊಡ್ತಿದ್ದೆ?"

ಒಬ್ದೂಲಿಯಾ ನುಂಗಬೇಕೋ ಉಗುಳಬೇಕೋ ತಿಳಿಯದೆ ಬ್ರೆಡ್ಡನ್ನು ದವಡೆಗೆ ಒತ್ತರಿಸಿಕೊಂಡು ಇಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದಳು. ಹುಡುಗಿಯ ಹಿಂದೆ ಬಂದವರು ಕ್ವಿಂತಾನಾರ್ ಮೇಡಂ, ನರ್ಸಿಂಗ್ ಪಾಠ ಹೇಳುವವರು, ಸೊಂಟದ ಮೇಲೆ ಕೈಯಿಟ್ಟರೆ ಇಡೀ ತರಗತಿ ಉಸಿರು ಬಿಗಿಹಿಡಿಯುವಂಥ ಹೆಂಗಸು. ಅವರು ಯಾರ ಜಗಳಕ್ಕೂ ಕಿವಿಗೊಡದೆ ಒಬ್ದೂಲಿಯಾಳ ಕೈ ಹಿಡಿದರು. ಹಿಡಿದ ಕೈ ಬಿಡಿಸಿಕೊಳ್ಳಲು ಹೋದರೆ ಅಂಟಿಕೊಂಡಿತು.

"ಈ ಕೈಗೆ ಏನ್ರೀ ಹಚ್ಕೊಂಡಿದ್ದೀರಿ? ಗೋಂದಾ?"

ಬಾಯಲ್ಲಿ ಬ್ರೆಡ್ಡಿದ್ದ ಒಬ್ದೂಲಿಯಾ ಉಂಡೆಯ ತಟ್ಟೆಯ ಕಡೆ ಕಣ್ಣು ಹೊರಳಿಸಿದಳು.

ಮೇಡಂ ಒಂದು ಸಲ ತಟ್ಟೆ ನೋಡಿದರು, ಒಂದು ಸಲ ಲಿಸ್ಬೆತ್‌ಳನ್ನು. "ಬೆಲ್ಲದ ಪಾಕ ಸ್ಪಿರಿಟ್ಟಲ್ಲಿ ಹೋಗತ್ತೇನಮ್ಮಾ? ಕೈ ತೊಳ್ಸಿದ್ಯಾ?"

ಹುಡುಗಿ ಸೋಪು ಹುಡುಕತೊಡಗಿದಳು.

ಅಂಗಳದ ನಲ್ಲಿಗೆ ಒಂದು ಮೆರವಣಿಗೆಯೇ ಹೊರಟಿತು. ಒಬ್ದೂಲಿಯಾ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ನಿಯೆವೆಸ್ ತನ್ನ ಹೊಸ ಶಾಲಿನಲ್ಲೇ ಕೈ ಒರೆಸಿದಳು. ಈ ಸಲ ಮೇಡಂ ತಾವೇ ಇನ್ನೊಂದು ಬೆರಳು ಚುಚ್ಚಿದರು. ಯಂತ್ರ ಮತ್ತೆ ಕೀಂ ಎಂದಿತು.

"ನೂರ ಎಂಟು" ಎಂದರು ಮೇಡಂ. "ಉಂಡೆ ತಿಂದು, ಬ್ರೆಡ್ಡು ತಿಂದು, ಇಷ್ಟು ಗಾಬರಿಯಾಗಿ ನೂರ ಎಂಟು. ಚೆನ್ನಾಗಿದ್ದೀರಿ ಕಣ್ರೀ."

"ಮತ್ತೆ ಆ ಮುನ್ನೂರ ಎಂಬತ್ತು?" ಎಂದಳು ನಿಯೆವೆಸ್.

"ಅದು ಉಂಡೇದು, ಇವರದ್ದಲ್ಲ."

ಅಂಗಳಕ್ಕೆ ಅಂಗಳವೇ ನಕ್ಕಿತು. ಉಂಡೆಗೆ ಶುಗರ್ ಬಂದಿದೆಯಂತೆ, ಡಾಕ್ಟರಿಗೆ ತೋರ್ಸಿ ಎಂದು ಯಾರೋ ಕೂಗಿದರು. ಲಿಸ್ಬೆತ್‌ಗೂ ಹೋದ ಜೀವ ಬಂತು, ನಗಲು ಹೋಗಿ ಅತ್ತಳು. ಆದರೆ ಒಬ್ದೂಲಿಯಾ ಮಾತ್ರ ನಗಲಿಲ್ಲ. ಜನ ಚದುರುವವರೆಗೆ ಕಾದು, ಮೇಡಂನ ಸೆರಗು ಹಿಡಿದ ಹಾಗೆ ಅವರ ಬಿಳಿ ಕೋಟಿನ ತೋಳು ಹಿಡಿದಳು. ಯಾರನ್ನೂ ಕೇಳದಿದ್ದ ಪ್ರಶ್ನೆ ಅವತ್ತು ತಾನಾಗಿ ಬಾಯಿಗೆ ಬಂತು.

"ಮೇಡಂ, ಹೆದರಿಕೆಯಿಂದ ಈ ಕಾಯಿಲೆ ಬರತ್ತಾ?"

ಮೇಡಂ ಅವಳ ಮುಖ ನೋಡಿ ಪಕ್ಕದ ಕುರ್ಚಿಯಲ್ಲಿ ಕೂತರು. "ನಮ್ಮಜ್ಜೀನೂ ಹಾಗೇ ಅಂತಿದ್ಲು. ಹೆದರಿಕೆಯಾದ್ರೆ ಸ್ವಲ್ಪ ಹೊತ್ತು ಸಕ್ಕರೆ ಏರತ್ತೆ, ಇಳಿಯತ್ತೆ. ಕಾಯಿಲೆ ಹಾಗೆ ಒಂದು ದಿನಕ್ಕೆ ಬರೋದಲ್ಲ. ವರ್ಷಗಟ್ಟಲೆ ಒಳಗೊಳಗೇ ಇರತ್ತೆ. ಯಾರಿಗ್ರೀ ಬಂದಿದ್ದು?"

ಒಬ್ದೂಲಿಯಾ ಹೇಳಿದಳು. ಗಿರಣಿ, ಬಕೆಟ್ಟು, ಅಮ್ಮ ಕುಸಿದದ್ದು, ಕಾಲು ಹೋದದ್ದು, ಅಕ್ಕನ ಮಾತು, ಎಲ್ಲ. ನಿಯೆವೆಸ್ ಬೊಲಿಯೋ ಹಿಡಿದುಕೊಂಡೇ ಬಾಯಿ ಬಿಟ್ಟು ಕೇಳಿದಳು. ಇಷ್ಟು ವರ್ಷ ಜೊತೆಗಿದ್ದರೂ ಕೊಮಾದ್ರೆ ಇದನ್ನು ಅವಳಿಗೂ ಹೇಳಿರಲಿಲ್ಲ.

"ನೀವು ಹೋಗೋಕೆ ಮುಂಚೆ ಅಮ್ಮ ಹೇಗಿದ್ರು?" ಎಂದು ಕೇಳಿದರು ಮೇಡಂ. "ನೀರು ಜಾಸ್ತಿ ಕುಡೀತಿದ್ರಾ? ರಾತ್ರಿ ಸಲಸಲಕ್ಕೂ ಏಳ್ತಿದ್ರಾ?"

ಒಬ್ದೂಲಿಯಾ ಇಲ್ಲ ಎನ್ನಲು ಬಾಯಿ ತೆರೆದಳು. ಇಲ್ಲ ಎನ್ನಲಾಗಲಿಲ್ಲ.

"ಇರುವೆ" ಎಂದಳು.

"ಏನು?"

"ಅಮ್ಮನ ಮಂಚದ ಕೆಳಗೆ ಉಚ್ಚೆ ಪಾತ್ರೆ ಇರ್ತಿತ್ತು. ಬೆಳಿಗ್ಗೆ ಹೊರಗೆ ಚೆಲ್ಲೋ ಕೆಲಸ ನಂದು. ಅದರ ತುಂಬ ಇರುವೆ ಮುತ್ಕೊಂಡಿರ್ತಿತ್ತು. ನಾನು ಅಸಹ್ಯ ಪಟ್ಕೊಂಡ್ರೆ ಅಮ್ಮ ನಗೋಳು, ನೋಡೇ, ನಾನಂದ್ರೆ ಇರುವೆಗೂ ಇಷ್ಟ ಅಂತ. ನಾನಿನ್ನೂ ಸ್ಕೂಲಿಗೆ ಹೋಗ್ತಿದ್ದೆ ಆಗ."

ಮೇಡಂ ಅವಳ ಮಂಡಿಯ ಮೇಲೆ ಕೈಯಿಟ್ಟರು. "ಸಕ್ಕರೆ ಇದ್ದದ್ದಕ್ಕೇ ಇರುವೆ ಬಂದಿದ್ದು ಕಣ್ರೀ. ನೀವು ಓಡಿಹೋಗೋಕೆ ಎಷ್ಟೋ ವರ್ಷ ಮುಂಚೆಯಿಂದ ಅವರಿಗೆ ಕಾಯಿಲೆ ಇತ್ತು. ನೀವು ಮನೇಲೇ ಇದ್ದಿದ್ರೂ ಆ ಹುಣ್ಣು ಆಗ್ತಿತ್ತು."

ಒಬ್ದೂಲಿಯಾ ಅತ್ತಳು. ತುತ್ತೂರಿಯವರು ಹೊಸ ಹಾಡು ಎತ್ತಿಕೊಂಡಿದ್ದರಿಂದ ಬಿಕ್ಕಿ ಬಿಕ್ಕಿ ಅತ್ತರೂ ಯಾರಿಗೂ ಕೇಳಿಸಲಿಲ್ಲ. ನಿಯೆವೆಸ್ ಅವಳನ್ನು ತಬ್ಬಿಕೊಂಡು, "ಅತ್ಬಿಡು, ಅತ್ಬಿಡು, ಕತ್ತೆ, ನಂಗಾದ್ರೂ ಹೇಳ್ಬಾರ್ದಿತ್ತಾ" ಎಂದು ಬೈಯುತ್ತ ತಾನೂ ಅತ್ತಳು. ಅತ್ತು ಮುಗಿದ ಮೇಲೆ ಒಬ್ದೂಲಿಯಾಳಿಗೆ ಮೈ ಹಗುರಾಯಿತು, ಎಷ್ಟು ಹಗುರಾಯಿತೆಂದರೆ ಹಸಿವಾಯಿತು. ಉಳಿದಿದ್ದ ಬೊಲಿಯೋ ಪೂರ್ತಿ ತಿಂದಳು. ಲಿಸ್ಬೆತ್ ತಡೆಯಲಿಲ್ಲ.

ಭಾನುವಾರದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಕಾಲೇಜಿನ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಹಚ್ಚಿದಳು.

"ಇವತ್ತು ಶುಕ್ರವಾರ ಅಲ್ವೇನೇ? ಯಾರಿಗೆ ಏನಾಯ್ತು?" ಎದುವಿಹೆಸ್ ಗಾಬರಿಯಾದಳು.

"ಯಾರಿಗೂ ಏನೂ ಆಗಿಲ್ಲ. ಅಕ್ಕಾ, ಅಮ್ಮನ ಪಾತ್ರೆಗೆ ಇರುವೆ ಹತ್ತಿರ್ತಿತ್ತಲ್ಲ, ನೆನಪಿದ್ಯಾ?"

"ನೆನಪಿಲ್ದೆ ಏನು? ನೀನು ದೊಡ್ಡೋಳಾಗೋವರೆಗೂ ಅದನ್ನ ಚೆಲ್ತಿದ್ದೋಳು ನಾನೇ ಅಲ್ವಾ. ಒಲೆ ಬೂದಿ ಹಾಕಿ ಹಾಕಿ ಸಾಕಾಗಿತ್ತು. ಅದ್ಯಾಕೆ ಈಗ?"

ಒಬ್ದೂಲಿಯಾ ಮೇಡಂ ಹೇಳಿದ್ದನ್ನು ಹೇಳಿದಳು. ನಿಧಾನವಾಗಿ, ಒಂದೂ ಮಾತು ಬಿಡದೆ, ಅಕ್ಕನನ್ನು ಎಲ್ಲೂ ದೂರದೆ. ಆ ಕಡೆ ಕೋಳಿಗಳ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

"ಅಕ್ಕಾ? ಇದ್ದೀಯಾ?"

"ಇದ್ದೀನಿ." ಎದುವಿಹೆಸ್‌ ಕೋಳಿಗಳನ್ನು ಆಚೆ ಅಟ್ಟಿದಳು. "ಅಂದ್ರೆ ನಾನು ಚಿಕ್ಕೋಳಿದ್ದಾಗ್ಲೇ... ಒಬ್ದೂ, ಅದು ನಿನ್ನಿಂದ ಆಗಿದ್ದಲ್ಲ ಕಣೇ."

ಒಬ್ದೂಲಿಯಾ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದಳು. ಅಕ್ಕ ಇನ್ನೊಂದು ಸಲ ಹೇಳಿದಳು.