ಕಂಠಪ್ಪನವರು ಕಾರು ಎತ್ತಿದ್ದು

ಬಿಳಿಕೆರೆಯ ಕಂಠಪ್ಪನವರು ಯಾವುದಕ್ಕೂ 'ಸರಿ' ಎನ್ನುತ್ತಿರಲಿಲ್ಲ. ಹುಣಸೂರಿನ ಬಸ್ಸು ಇದೆಯೇ ಎಂದು ಕೇಳಿದರೆ "ಬತ್ತದೆ ಅಂತಾರೆ, ನಿಂತು ನೋಡಿ" ಎನ್ನುತ್ತಿದ್ದರು. ಮಗಳ ಮದುವೆಯಲ್ಲಿ ಅಡುಗೆಯವರು ಸಾರಿನ ಉಪ್ಪು ನೋಡಿ ಎಂದು ಸೌಟು ಹಿಡಿದು ಬಂದಾಗಲೂ "ಇನ್ನೊಬ್ರನ್ನ ಕೇಳಿ" ಎಂದು ಹಿಂದೆ ಸರಿದರಂತೆ. ಮದುವೆಯ ಮಾತು ಅವರ ಹೆಂಡತಿ ಶಿವನಂಜಮ್ಮನವರು ಹೇಳಿದ್ದು, ನಾನು ಕಂಡದ್ದಲ್ಲ. ಕಾರಿನ ಸಂಗತಿ ಮಾತ್ರ ನಮ್ಮ ಜಗಲಿಯಿಂದ ಕಣ್ಣಾರೆ ಕಂಡದ್ದು. ಐವತ್ತಾರನೆಯ ಇಸವಿಯ ಬೇಸಿಗೆಯಲ್ಲಿ.

ಅವರು ಹೀಗಾದದ್ದಕ್ಕೆ ಕಾರಣವಿತ್ತು. ಹುಣಸೂರಿನ ಒಬ್ಬ ಮರದ ವ್ಯಾಪಾರಿಯ ಬಳಿ ಅವರು ಇಪ್ಪತ್ತೆರಡು ವರ್ಷ ದಿಮ್ಮಿ ಎತ್ತಿಸುವ ಕೆಲಸ ಮಾಡಿದ್ದರು. ಆಳುಗಳು ಹಾರೆ ಹಾಕಿ ದಿಮ್ಮಿಯನ್ನು ಮೀಟಿದ ಮೇಲೆ, ಅದರ ಅಡಿಗೆ ಮರದ ತುಂಡುಗಳನ್ನು ಕೊಟ್ಟು ನಿಲ್ಲಿಸಿ, ನೋಡಿ, ಇವರು 'ಸರಿ' ಅನ್ನಬೇಕು. ಆಮೇಲೆ ಒಬ್ಬ ಕೆಳಗೆ ನುಗ್ಗಿ ಹಗ್ಗ ತೂರಿಸಬೇಕು. ಒಂದು ದಿನ ನೆಲ ಒದ್ದೆಯಾಗಿತ್ತು. ಕಂಠಪ್ಪನವರು ನೋಡಿದರು, ಸರಿ ಎಂದರು. ಕೋಟೆ ತಾಲ್ಲೂಕಿನ ಕಾಡಿನ ಹಾಡಿಯಿಂದ ಕೆಲಸಕ್ಕೆ ಬರುತ್ತಿದ್ದ ಚಿಕ್ಕಮಾದ ಎಂಬುವನು ಕೆಳಗೆ ಹೋದ. ತುಂಡು ಜಾರಿತು. ಅವನ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು.

ಆಸ್ಪತ್ರೆಗೆ ನೋಡಲು ಹೋದಾಗ ಚಿಕ್ಕಮಾದ ಹೇಳಿದ್ದು ಇಷ್ಟೇ: "ನೀನು ಸರಿ ಅಂದೆ. ಅದ್ಕೇ ಕೆಳೀಕೆ ಓದೆ."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲವಂತೆ. ಸಿಟ್ಟು ಇದ್ದಿದ್ದರೆ ವಾಸಿಯಿತ್ತು ಎಂದು ಕಂಠಪ್ಪನವರು ಹೆಂಡತಿಯ ಹತ್ತಿರ ಒಮ್ಮೆ ಹೇಳಿದ್ದುಂಟು. ಅದೇ ತಿಂಗಳು ಕೆಲಸ ಬಿಟ್ಟು ಊರಿಗೆ ಬಂದರು. ಎರಡು ಎಕರೆ ರಾಗಿ ಹೊಲ, ಒಂದು ಜೊತೆ ಎತ್ತು ನೋಡಿಕೊಂಡು ಇದ್ದರು.

ಇನ್ನು ಕಾರು. ನಮ್ಮ ಎದುರು ಮನೆಯ ನಿಂಗರಾಜು ಅದನ್ನು ಕೊಡಗಿನ ಒಬ್ಬ ತೋಟದ ದೊರೆಯಿಂದ ಕೊಂಡಿದ್ದ. ಎರಡೇ ಸೀಟಿನ ಕೆಂಪು ರೇಸು ಕಾರು. ಮುಂದೆ ಉದ್ದನೆಯ ಮೂತಿ. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಗೇಣು ಸಂದಿ. ನಿಂಗರಾಜುವಿನ ಅಜ್ಜಿ ಪುಟ್ಟಮಲ್ಲಮ್ಮ ಅದರಲ್ಲಿ ಒಮ್ಮೆ ಕೂತು ಇಳಿದವರು, "ಇದ್ರಲ್ಲಿ ಕೂರೋದೂ ಒಂದೇ, ರಸ್ತೇಲಿ ಚಾಪೆ ಆಸ್ಕಂಡು ಕೂರೋದೂ ಒಂದೇ" ಎಂದಿದ್ದರು.

ಅದರ ಇಂಜಿನ್ನಿನ ಅಡಿಯ ಬೋಲ್ಟು ಸಡಿಲವಾಗಿ ಎಣ್ಣೆ ಸೋರತೊಡಗಿತು. ಮಾರನೆಯ ದಿನ ನಿಂಗರಾಜು ಹೆಂಡತಿ ನೀಲಾಂಬಿಕೆಯನ್ನು ಕೃಷ್ಣರಾಜನಗರದ ತವರಿನಿಂದ ಕರೆತರಬೇಕಿತ್ತು. ಎಣ್ಣೆ ಸೋರುವ ಗಾಡಿಯನ್ನು ರಿಪೇರಿಗೆಂದು ಮೈಸೂರಿನವರೆಗೆ ಓಡಿಸುವ ಹಾಗೂ ಇಲ್ಲ. ಬೆಳಿಗ್ಗೆಯೇ ಅವನು ಅಂಗಳದಲ್ಲಿ ಜಾಕಿ ಕೊಟ್ಟು ಕಾರಿನ ಮೂತಿ ಎತ್ತಿದ. ಪಕ್ಕಕ್ಕೆ ನಾಲ್ಕು ಇಟ್ಟಿಗೆ ಜೋಡಿಸಿದ. ಸ್ಪ್ಯಾನರು ಹಿಡಿದು ಅಂಗಾತ ಮಲಗುತ್ತಿದ್ದ. ಹೊಲದಿಂದ ಬರುತ್ತಿದ್ದ ಕಂಠಪ್ಪನವರು ಹುಲ್ಲಿನ ಹೊರೆ ಇಳಿಸಿ ನಿಂತರು.

"ನಿಂಗರಾಜು, ಕೆಳೀಕೆ ಓಗ್ಬ್ಯಾಡ."

"ಎರಡು ನಿಮಿಷದ ಕೆಲ್ಸ, ಮಾವ. ನೀವು ಸರಿ ಅಂದ್ಬುಡಿ, ನುಗ್ತೀನಿ."

ಕಂಠಪ್ಪನವರು ಅದನ್ನು ಅನ್ನಲಿಲ್ಲ. ಬಗ್ಗಿ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ದೂರ ಇಟ್ಟರು. "ಇಟ್ಗೆ ಯೋಳ್ದೆ ಕೇಳ್ದೆ ಒಡೀತದೆ. ಮರ ಆದ್ರೆ ಮೊದ್ಲು ಕಿರ್ ಅಂತದೆ. ಜಾಕಿ ಎತ್ತೋಕೆ ಮಾತ್ರ ಕಣಪ್ಪ, ಬಾರ ಒರೋಕಲ್ಲ."

ಮನೆಗೆ ಹೋಗಿ ಎತ್ತಿನ ಗಾಡಿಯಲ್ಲಿ ಮತ್ತಿ ಮರದ ತುಂಡುಗಳನ್ನು ತಂದರು. ಮೊದಲು ಕಾರನ್ನು ಕೆಳಗಿಳಿಸಿದರು. ಕೈಬ್ರೇಕು ಎಳೆಸಿದರು, ಗೇರಿಗೆ ಹಾಕಿಸಿದರು, ಹಿಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಟ್ಟರು. ನೆಲವನ್ನು ಹಿಮ್ಮಡಿಯಿಂದ ತುಳಿದು ನೋಡಿದರು. ಸಗಣಿ ಸಾರಿಸಿದ ಅಂಗಳ ಗಟ್ಟಿಯಾಗಿಯೇ ಇತ್ತು. ಜಾಕಿಯ ಅಡಿಗೆ ಒಂದು ಅಗಲವಾದ ಹಲಗೆ ಇಟ್ಟರು. ಎಡಕ್ಕೆ ಸ್ವಲ್ಪ ಎತ್ತಿ ತುಂಡು ಕೊಡುವುದು, ಬಲಕ್ಕೆ ಸ್ವಲ್ಪ ಎತ್ತಿ ತುಂಡು ಕೊಡುವುದು. ಹೀಗೆ ತುಂಡುಗಳನ್ನು ಅಡ್ಡ ಎರಡು, ಉದ್ದ ಎರಡು ಪೇರಿಸಿ ಎರಡು ಅಟ್ಟಿ ಮಾಡಿದರು. ಕಾರಿನ ಅಡಿಯ ಉಕ್ಕಿನ ಪಟ್ಟಿಗಳು ಅಟ್ಟಿಯ ಮೇಲೆ ಕೂರುವ ಹಾಗೆ ನಿಧಾನವಾಗಿ ಜಾಕಿ ಸಡಿಲಿಸಿದರು. ಕಾರನ್ನು ಪಕ್ಕದಿಂದ ನೂಕಿ ನೋಡಿದರು. ಅಲುಗಲಿಲ್ಲ.

"ಇನ್ನೇನು?" ಎಂದ ನಿಂಗರಾಜು.

ಕಂಠಪ್ಪನವರು ಅವನ ಮನೆಯ ಜಗಲಿಯ ಮೇಲೆ ಕೂತು ಸಂಚಿ ಬಿಚ್ಚಿದರು. "ನಾನು ಎಲೆ ಅಡಿಕೆ ಆಕ್ಕೊಂಡು ಮುಗ್ಸೋಗಂಟ ಯಾರೂ ಕೆಳೀಕೆ ಓಗಂಗಿಲ್ಲ." ಚಿಕ್ಕಮಾದನ ಕಾಲು ಮುರಿದ ಮೇಲೆ ಅವರು ಮಾಡಿಕೊಂಡ ನಿಯಮ ಇದು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗಲೂ ಹೀಗೆಯೇ ಕಾಯುತ್ತಿದ್ದರು.

ಪುಟ್ಟಮಲ್ಲಮ್ಮ ಬಾಗಿಲಿಂದ ನೋಡಿದರು. "ಲೇ ಕಂಠ, ನಿನ್ನ ಎಲೆ ಮುಗ್ಯೋ ಒತ್ಗೆ ನನ್ನ ಮೊಮ್ಮಗನ ಎಂಡ್ತಿ ನಡ್ಕೊಂಡೇ ಬಂದ್ಬುಡ್ತಾಳೆ ಕಣ್ಲಾ."

"ಬರ್ಲಿ ಬುಡವ್ವ. ಬಂದ್ರೆ ಗಂಡ ಇರ್ಬೇಕಲ್ಲ."

ಎಲೆ ಅರ್ಧ ಮುಗಿದಿರಬೇಕು. ಒಂದು ಸದ್ದು ಬಂತು. ಮರದ ಕಿರ್ ಅಲ್ಲ, ಕಾರಿನದೂ ಅಲ್ಲ. ನೆಲದೊಳಗಿನಿಂದ ಕಲ್ಲು ಸೀಳಿದ ಸದ್ದು. ಬಲಗಡೆಯ ಅಟ್ಟಿ ಹಾಗೆಯೇ ಮೊಳದಷ್ಟು ಇಳಿದುಹೋಯಿತು. ಕಾರಿನ ಮೂತಿ ವಾಲಿ ನೆಲಕ್ಕೆ ಕೂತಿತು. ಗೇಣಿನ ಸಂದಿಯೂ ಉಳಿಯಲಿಲ್ಲ.

ಪುಟ್ಟಮಲ್ಲಮ್ಮನೇ ಮೊದಲು ಬಾಯಿ ಬಿಟ್ಟರು. "ಅಯ್ಯೋ, ಅಲ್ಲಿ ಅಗೇವಿತ್ತು ಕಣ್ರಪ್ಪ. ನಮ್ಮ ಮಾವನ ಕಾಲದ್ದು. ಮುಚ್ಚಾಯ್ತಲ್ಲ ಅಂದ್ಕಂಡಿದ್ದೆ."

ಹಿಂದೆ ರಾಗಿ ತುಂಬಿಡಲು ತೋಡಿದ್ದ ಹಗೇವು ಅದು. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಹಾಕಿದ್ದರೇ ಹೊರತು ಒಳಗಿನ ಹೊಟ್ಟೆಯನ್ನು ಯಾರೂ ತುಂಬಿಸಿರಲಿಲ್ಲ. ಮೂವತ್ತು ವರ್ಷ ಅದರ ಮೇಲೆ ದಿನವೂ ಸಾರಿಸಿ ರಂಗೋಲಿ ಬಿಟ್ಟಿದ್ದರು.

ನಿಂಗರಾಜು ತಾನು ತಲೆ ಇಡಬೇಕಿದ್ದ ಜಾಗವನ್ನು ನೋಡುತ್ತಾ ನಿಂತ. ಕಂಠಪ್ಪನವರ ಮುಖವೂ ಬಿಳಿಚಿಕೊಂಡಿತ್ತು. ತುಳಿದು ನೋಡಿದ್ದವರು ಅವರೇ. ಈ ಸಲವೂ ಅವರ ಕಣ್ಣಿಗೆ ನೆಲ ಗಟ್ಟಿಯಾಗಿಯೇ ಕಂಡಿತ್ತು.

ಅವರು ಹುಲ್ಲಿನ ಹೊರೆ ಎತ್ತಿಕೊಂಡು ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಪುಟ್ಟಮಲ್ಲಮ್ಮನಿಂದ ಒನಕೆ ಇಸಿದುಕೊಂಡು ಅಂಗಳವನ್ನೆಲ್ಲ ಮಾರು ಮಾರಿಗೆ ಕುಟ್ಟಿ ಕಿವಿಗೊಟ್ಟು ಕೇಳಿದರು. ಹಗೇವಿನ ಸುತ್ತ ಡಬ್ ಎನ್ನುತ್ತಿತ್ತು. ಕೊಟ್ಟಿಗೆಯ ಪಕ್ಕ, ಗಾಡಿ ನಿಲ್ಲಿಸುವ ಕಲ್ಲುಹಾಸಿನ ಕಡೆ ಒನಕೆ ಗಟ್ಟಿಯಾಗಿ ಪುಟಿಯಿತು. ಕಲ್ಲಿನ ಅಂಚನ್ನು ಹಾರೆಯಿಂದ ಕೆದಕಿ, ಅಡಿಯಲ್ಲಿ ಬಂಡೆಯೇ ಇರುವುದನ್ನು ಕಂಡರು. ಎತ್ತು ಕಟ್ಟಿ ಕಾರನ್ನು ಅಲ್ಲಿಗೆ ಎಳೆಸಿದರು. ಮೊದಲಿನಿಂದ ಎಲ್ಲವನ್ನೂ ಮಾಡಿದರು: ಕಲ್ಲು, ಹಲಗೆ, ಜಾಕಿ, ಅಟ್ಟಿ. ಮತ್ತೆ ಕೂತು ಒಂದು ಎಲೆ ಪೂರ್ತಿ ಅಗಿದರು.

ಏನೂ ಅಲುಗಲಿಲ್ಲ. ಈಗ ನಿಂಗರಾಜು ಕೆಳಗೆ ಹೋಗಲಿಲ್ಲ.

"ನೀವು ಯೋಳಿ, ಮಾವ. ನೀವು ಯೋಳ್ದಿದ್ರೆ ನಾನು ಓಗಲ್ಲ."

"ನೋಡ್ಕಂಡು ಮಾಡು."

"ಬೆಳಿಗ್ಗೆ ನಾನು ನೋಡ್ಕಂಡೇ ಇಟ್ಗೆ ಇಟ್ಟಿದ್ದು."

ಕಂಠಪ್ಪನವರು ಪುಟ್ಟಮಲ್ಲಮ್ಮನ ಕಡೆ ನೋಡಿದರು. ಆಕೆ ಮುಖ ತಿರುಗಿಸಿಕೊಂಡರು. ಕೇಳಲು ಇನ್ನೊಬ್ಬರು ಇರಲಿಲ್ಲ. ಅವರು ತಲೆಯ ವಸ್ತ್ರ ಬಿಚ್ಚಿ ಜಗಲಿಯ ಮೇಲಿಟ್ಟರು. ಗೋಣಿಚೀಲ ಹಾಸಿ, ಅಂಗಾತ ಮಲಗಿ, ತಾವೇ ಕಾರಿನ ಕೆಳಗೆ ಜರುಗಿದರು. ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ಎಷ್ಟು ಹೊತ್ತು ಇದ್ದರು ಎಂದು ನಾನು ಲೆಕ್ಕ ಇಡಲಿಲ್ಲ. ನೆರಳು ಕೊಟ್ಟಿಗೆಯ ಗೋಡೆ ಬಿಟ್ಟು ಒಂದು ಹಾಸುಗಲ್ಲಿನಷ್ಟು ಈಚೆಗೆ ಬಂದಿತ್ತು. ಆಮೇಲೆ ಹೊರಗೆ ಬಂದು ಬೆನ್ನಿನ ಧೂಳನ್ನೂ ಒರೆಸದೆ ನಿಂತರು.

"ಸರಿ, ಓಗು" ಎಂದರು.

ದನಿ ಸಣ್ಣಗಿತ್ತು. ನಿಂಗರಾಜು ಏನೂ ಕೇಳದೆ ನುಗ್ಗಿದ. ಕಂಠಪ್ಪನವರು ಮುಂಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಅಟ್ಟಿಯ ಮೇಲಿನ ತುಂಡಿನ ಮೇಲೆ ಕೈ ಇಟ್ಟರು. ಸ್ಪ್ಯಾನರು ಕಟಕಟ ಎನ್ನುತ್ತಿತ್ತು. ಅದು ನಿಂತಾಗ ಅವರ ಬೆರಳು ಬಿಗಿಯಾದವು.

"ನಿಂಗರಾಜು, ಬೋಲ್ಟು ಸರಿಯಾಗಿ ಕೂತ್ತಾ?"

ಕೆಳಗಿನಿಂದ ಉತ್ತರ ಬಂತು: "ಇನ್ನೊಬ್ರನ್ನ ಕೇಳಿ, ಮಾವ."

ಪುಟ್ಟಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಂಠಪ್ಪನವರಿಗೂ ನಗು ಬಂತು. ಆದರೆ ನಿಂಗರಾಜು ಪೂರ್ತಿ ಹೊರಗೆ ಬಂದು ಎದ್ದು ನಿಲ್ಲುವವರೆಗೂ ಅವರು ತುಂಡಿನ ಮೇಲಿನ ಕೈ ತೆಗೆಯಲಿಲ್ಲ.